ಕೌದಿಯ ಬಟ್ಟೆ, ತಾಂಡಾದ ಸೂಜಿ

ತುಂಗಭದ್ರೆಗೂ ಕೃಷ್ಣೆಗೂ ನಡುವೆ ಚಾಚಿಕೊಂಡಿರುವ, ಯಾವುದರ ಒಡೆತನಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಪರ್ಯಂತ ಕಾದಾಡಿದರೋ ಆ ರಾಯಚೂರು ದೋಆಬದ ಎರೆನೆಲದಲ್ಲಿ, ಒಂದರ ಮಗ್ಗುಲಿಗೊಂದು ಹೊಂದಿಕೊಂಡು ಮೂರು ತಾಲೂಕುಗಳಿವೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನುಂಡು ಭತ್ತದ ಕಣಜವೆಂಬ ಹೆಸರನ್ನು ಪಡೆದಿದೆ; ಲಿಂಗಸುಗೂರು ತನ್ನ ಸೀಮೆಯೊಳಗಿನ ಹಟ್ಟಿಯ ಚಿನ್ನದ ಗಣಿಯಿಂದಲೂ ಮುದಗಲ್ಲಿನ ಕೋಟೆಯಿಂದಲೂ ಖ್ಯಾತವಾಗಿದೆ; ಮಸ್ಕಿಯಾದರೋ, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಶಾಸನವೊಂದರಲ್ಲಿ, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಸ್ವಂತ ಹೆಸರನ್ನೂ ತೋರಿಸಿಕೊಟ್ಟು ಭಾರತದ ಚರಿತ್ರೆಯಲ್ಲಿ ಅಳಿಯದ ಸ್ಥಾನವನ್ನು ಸಂಪಾದಿಸಿದೆ. ಭತ್ತ, ಚಿನ್ನ, ಶಾಸನ ಎಂದು ಈ ಮೂರನ್ನು ಹೇಳಿ ಮುಗಿಸುವವರು ಇಲ್ಲಿನ ಇನ್ನೊಂದು ಸಂಪತ್ತನ್ನು ಹೇಳದೆ ಬಿಡುವುದೇ ವಾಡಿಕೆಯಾಗಿದೆ. ಉಟ್ಟು ಸವೆದ ಬಟ್ಟೆಯನ್ನು ಎಸೆಯದೆ, ಸೂಜಿ ದಾರಗಳಿಂದ ಅದಕ್ಕೆ ಎರಡನೆಯ ಆಯುಷ್ಯವನ್ನು ಕೊಡಬಲ್ಲ ಇಲ್ಲಿನ ಹೆಂಗಸರ ಹಸ್ತಕೌಶಲವೇ ಆ ಸಂಪತ್ತು.

ಆ ಕೌಶಲವನ್ನು ಆಶ್ರಯಿಸಿ, ಈ ಕಾಲಕ್ಕೆ ಒದಗುವಂತಹ, ದೀರ್ಘಕಾಲ ಬಾಳುವ ಒಂದು ಕೈಚೀಲವನ್ನು ರೂಪಿಸುವುದು ಹೇಗೆ ಎಂಬುದು ಈ ಲೇಖನದ ವಿಚಾರ. ವಿಷಯ ಅಲ್ಪವೆಂದು ತೋರಬಹುದು. ಆದರೆ ಸಂತೆಗೂ ಶಾಲೆಗೂ ಕಚೇರಿಗೂ ಮನುಷ್ಯನನ್ನು ನಿತ್ಯವೂ ಹಿಂಬಾಲಿಸುವ ವಸ್ತು ಯಾವುದೋ ಅದನ್ನು ಸರಿಯಾಗಿ ಮಾಡಿಕೊಳ್ಳುವುದು ಸಣ್ಣ ಕೆಲಸವೇನೂ ಅಲ್ಲ.

ಬಟ್ಟೆಯೆಂದ ಮಾತ್ರಕ್ಕೆ ಪುಣ್ಯವಲ್ಲ

ಕರ್ನಾಟಕ ಸರಕಾರವು 2016ರ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರ ಸರಕಾರದ ನಿಯಮದಂತೆ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಅನೇಕ ಪ್ಲಾಸ್ಟಿಕ್ ವಸ್ತುಗಳೂ, ಅದೇ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲಗಳೂ ದೇಶದಾದ್ಯಂತ ವರ್ಜ್ಯವಾದವು. ಇದರ ಫಲವಾಗಿ ಬಟ್ಟೆಯ ಚೀಲಕ್ಕೆ ಹಿಂದೆಂದೂ ಇಲ್ಲದ ಗೌರವ ಬಂದಿತು. ಮದುವೆ ಮುಂಜಿಗಳಲ್ಲಿ, ಸಭೆ ಸಮ್ಮೇಳನಗಳಲ್ಲಿ, ಅಂಗಡಿ ಮುಂಗಟ್ಟುಗಳಲ್ಲಿ ಹೆಸರು ಮುದ್ರಿಸಿದ ಹತ್ತಿಯ ಚೀಲಗಳನ್ನು ಹಂಚುವುದು ಪರಿಸರಸೇವೆಯೆಂದು ಪ್ರಚಾರವಾಯಿತು. ಒಂದೊಂದು ಮನೆಯ ಗೂಟದಲ್ಲಿಯೂ ಅಂತಹ ಹತ್ತು ಹದಿನೈದು ಚೀಲಗಳು ಬಳಕೆಯಿಲ್ಲದೆ ತೂಗತೊಡಗಿದವು.

ಇಲ್ಲಿಯೇ ಒಂದು ಕಠಿನವಾದ ಲೆಕ್ಕವನ್ನು ನಾವು ಎದುರಿಸಬೇಕಾಗಿದೆ. ಡೆನ್ಮಾರ್ಕ್ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಹತ್ತಿಯಿಂದ ಮಾಡಿದ ಒಂದು ಚೀಲವು ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನ್ನಿಸಿಕೊಳ್ಳಬೇಕಾದರೆ, ವಾಯುಗುಣದ ಒಂದೇ ದೃಷ್ಟಿಯಿಂದ ನೋಡಿದರೂ ಅದನ್ನು 52 ಬಾರಿ ಬಳಸಬೇಕು. ನೀರು, ಓಝೋನ್ ಪದರ ಮೊದಲಾದ ಎಲ್ಲ ಅಂಶಗಳನ್ನೂ ಗಣನೆಗೆ ತಂದುಕೊಂಡರೆ 7,100 ಬಾರಿ ಬಳಸಬೇಕು. ಇಳುವರಿ ಕಡಮೆಯಾದ ಸಾವಯವ ಹತ್ತಿಗೆ ಆ ಸಂಖ್ಯೆ 20,000ಕ್ಕೆ ಏರುತ್ತದೆ. ಏಳು ಸಾವಿರದ ನೂರು ಸಲವೆಂದರೆ ದಿನಕ್ಕೊಂದು ಸಲದಂತೆ ಹತ್ತೊಂಬತ್ತು ವರ್ಷಕ್ಕೂ ಮಿಕ್ಕ ಕಾಲ. ಒಂದು ಕಿಲೋ ಹತ್ತಿಬಟ್ಟೆಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂಬುದನ್ನೂ, 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯ ಬಳಿಕವೂ ಹತ್ತಿಯ ಹೊಲಗಳಲ್ಲಿ ರಸಗೊಬ್ಬರ ಕೀಟನಾಶಕಗಳ ಸಾಲ ತೀರಲಿಲ್ಲವೆಂಬುದನ್ನೂ ಬಲ್ಲ ದೋಆಬದ ಒಕ್ಕಲಿಗನಿಗೆ ಈ ಲೆಕ್ಕದ ಸತ್ಯವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಮಳೆಯ ತೇವವೊಂದನ್ನೇ ನಂಬಿ ಎರೆಹೊಲದಲ್ಲಿ ಬೆಳೆಯುತ್ತಿದ್ದ ಜಯಧರದಂತಹ ದೇಶೀ ಹತ್ತಿಯ ತಳಿಗಳು ಹಿಂದೆ ಸರಿದಿರುವಾಗ, ಹತ್ತಿಯೆಂಬ ಹೆಸರು ಮಾತ್ರದಿಂದ ಚೀಲವೊಂದು ನಿರ್ದೋಷವಾಗಲಾರದು.

ಹಾಗಾದರೆ ಬಟ್ಟೆಯ ಚೀಲ ವ್ಯರ್ಥವೆಂದೇ ಅರ್ಥವೆ? ಅಲ್ಲ. ಈ ಲೆಕ್ಕದಿಂದ ಹೊರಡುವ ನಿರ್ಣಯ ಬೇರೆಯೇ ಆಗಿದೆ. ಆ ಬಹುದೊಡ್ಡ ಸಂಖ್ಯೆಗಳೆಲ್ಲ ಹೊಸದಾಗಿ ಬೆಳೆದ, ಹೊಸದಾಗಿ ನೂತ, ಹೊಸದಾಗಿ ನೇಯ್ದ ಬಟ್ಟೆಗೆ ಸಂಬಂಧಪಟ್ಟವು. ಆಗಲೇ ಬೆಳೆದು, ನೇಯ್ದು, ಒಬ್ಬರು ಉಟ್ಟು ಬಿಟ್ಟ ಬಟ್ಟೆಗೆ ಆ ಋಣವು ಬಹುಪಾಲು ಸಂದಾಯವಾಗಿ ಹೋಗಿರುತ್ತದೆ. ಆದಕಾರಣ ಹಳೆಯ ಬಟ್ಟೆಯಿಂದ ಹುಟ್ಟಿ, ಹರಿದರೆ ತೇಪೆ ಹಾಕಿಸಿಕೊಂಡು, ಇಪ್ಪತ್ತು ವರ್ಷ ಹೆಗಲ ಮೇಲೆ ಬಾಳುವ ಚೀಲವೇ ನಿಜವಾದ ಪರಿಸರಸ್ನೇಹಿ ಚೀಲ. ಈ ತತ್ತ್ವವನ್ನು ಡೆನ್ಮಾರ್ಕಿನ ಪಂಡಿತರು ಸಂಖ್ಯೆಗಳಿಂದ ಸಾಧಿಸುವ ಎಷ್ಟೋ ಮೊದಲೇ ಉತ್ತರ ಕರ್ನಾಟಕದ ಗೃಹಿಣಿಯರು, ಹಳೆಯ ಬಟ್ಟೆಯ ಪದರಗಳನ್ನು ಹೊಲಿದು ಮಾಡುವ ಹೊದಿಕೆಯಾದ ಕೌದಿಯ ರೂಪದಲ್ಲಿ ಆಚರಣೆಗೆ ತಂದುಕೊಂಡಿದ್ದರು.

ಕೌದಿ ಕಲಿಸುವ ಪಾಠ

ಬೇಸಗೆಯಲ್ಲಿ ಹೊಲದ ಕೆಲಸ ತೀರಿ, ಸುಗ್ಗಿಯ ಗಡಿಬಿಡಿ ಅಡಗಿದ ಮೇಲೆ, ಮನೆಯ ಪಡಸಾಲೆಯಲ್ಲಿಯೋ ಬೇವಿನ ಮರದ ನೆಳಲಿನಲ್ಲಿಯೋ ಹಳೆಯ ಸೀರೆ ಧೋತರಗಳನ್ನು ಹಾಸಿಕೊಂಡು, ದಪ್ಪ ದಾರ ಪೋಣಿಸಿದ ಸೂಜಿ ಹಿಡಿದು ಕುಳಿತ ಹೆಂಗಸರನ್ನು ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಮೆತ್ತಗಾದ ಸೀರೆಯ ಪದರಗಳ ಮೇಲೆ ಕುಪ್ಪಸದ ಚೂರು, ಪರಕಾರದ ಅಂಚು, ಮಕ್ಕಳ ಅಂಗಿಯ ತುಂಡು ಇವುಗಳನ್ನು ಹೊಂದಿಸಿ, ಅಂಚಿನಿಂದ ಮೊದಲುಮಾಡಿ ಒಳಮುಖವಾಗಿ ಸಾಲುಸಾಲಾಗಿ ದಾರ ಓಡಿಸುತ್ತ ಹೋಗುವುದೇ ಅದರ ಕ್ರಮ. ಊರೂರು ತಿರುಗಿ ಕೌದಿ ಹೊಲಿದುಕೊಟ್ಟು, ಕೂಲಿಗೆ ಹಣವನ್ನೋ ಕಾಳನ್ನೋ ಪಡೆದು ಹೋಗುವ ಅಲೆಮಾರಿ ಸಮುದಾಯಗಳ ಹೆಂಗಸರೂ ಉಂಟು. ಅವರ ಬಳಿ ಅಳತೆಪಟ್ಟಿಯಿಲ್ಲ, ನಕ್ಷೆಯಿಲ್ಲ. ಗೇಣು, ಮೊಳ, ಬೆರಳಿನ ಅಗಲ ಇವೇ ಮಾನಗಳು. ಆದರೂ ಹೊಲಿಗೆಯ ಸಾಲು ಸೊಟ್ಟಾಗುವುದಿಲ್ಲ.

ಕೌದಿಯ ಅಂದವನ್ನು ಕುರಿತು ಹೇಳುವವರು ಬಹಳ ಮಂದಿ. ಅದರ ಬಲವನ್ನು ಗಮನಿಸಿದವರು ವಿರಳ. ಒಂದೊಂದಾಗಿ ಎಳೆದರೆ ಹರಿದುಹೋಗುವ ಜೀರ್ಣವಾದ ಬಟ್ಟೆಯ ಪದರಗಳು, ಒತ್ತೊತ್ತಾಗಿ ಸಾಗುವ ನೂರಾರು ಸಾಲು ಹೊಲಿಗೆಗಳಿಂದ ಬಂಧಿತವಾದಾಗ, ಎಳೆತದ ಭಾರವನ್ನು ತಮ್ಮೊಳಗೆ ಹಂಚಿಕೊಂಡು ಒಂದೇ ಗಟ್ಟಿಯಾದ ವಸ್ತುವಾಗುತ್ತವೆ. ಎಲ್ಲಿಯಾದರೂ ಒಂದು ದಾರ ಕಡಿದರೆ ಅದರ ಪಕ್ಕದ ಸಾಲು ಆ ಹೊರೆಯನ್ನು ಹೊರುತ್ತದೆ. ಒಂದು ಚೂರು ಸವೆದರೆ ಅದರ ಮೇಲೆ ಇನ್ನೊಂದು ಚೂರನ್ನು ಹಚ್ಚಬಹುದು. ಹಾಗೆ ಹಚ್ಚಿದ್ದು ದೋಷವಾಗಿ ಕಾಣದೆ ವಿನ್ಯಾಸದ ಭಾಗವೇ ಆಗಿಬಿಡುತ್ತದೆ. ದುರಸ್ತಿಯನ್ನು ತನ್ನ ಸೌಂದರ್ಯದೊಳಗೆ ಅಡಗಿಸಿಕೊಂಡ ಇಂತಹ ವಸ್ತುವಿಗಿಂತ ಚೀಲಕ್ಕೆ ಯೋಗ್ಯವಾದ ಬಟ್ಟೆ ಮತ್ತಾವುದಿದ್ದೀತು!

ಕಚ್ಚಾ ವಸ್ತುವಿಗೂ ಇಲ್ಲಿ ಕೊರತೆಯಿಲ್ಲ. ನಮ್ಮ ಕಡೆಯ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಆಯೇರಿಯಾಗಿ, ಎಂದರೆ ಉಡುಗೊರೆಯಾಗಿ, ಬಂದ ಕುಪ್ಪಸದ ಖಣಗಳು, ಉಡಿ ತುಂಬಿದ ಬಟ್ಟೆಗಳು, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೊಲಿಸಿಕೊಳ್ಳದೆಯೇ ಸಂಚರಿಸುತ್ತ ಟ್ರಂಕುಗಳಲ್ಲಿ ತುಂಬಿಕೊಂಡಿರುವುದನ್ನು ಯಾವ ಮನೆಯವರು ಅರಿಯರು? ಅವುಗಳೊಡನೆ, ಲಿಂಗಸುಗೂರಿನ ನೈರುತ್ಯಕ್ಕೆ ಸ್ವಲ್ಪ ದೂರದಲ್ಲಿರುವ ಇಳಕಲ್ಲಿನ ಸೀರೆಗಳೂ ಇವೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ನೇಕಾರರ ಸೂಕ್ಷ್ಮ ಶ್ರಮದಿಂದ ಹುಟ್ಟಿದ ಆ ಸೀರೆಯ ಒಡಲು ಹರಿದ ಮೇಲೂ ಅದರ ದಡಿಯೂ ಸೆರಗೂ ಎಷ್ಟೋ ವರ್ಷ ಗಟ್ಟಿಯಾಗಿಯೇ ಇರುತ್ತವೆ. ದಡಿಯನ್ನು ಚೀಲದ ಪಟ್ಟಿಯ ಮೇಲೆಯೂ, ಗುಳೇದಗುಡ್ಡದ ಖಣದ ಚೂರನ್ನು ಮೂಲೆಗಳ ಮೇಲೆಯೂ ಇಟ್ಟು ಹೊಲಿದರೆ, ಅಲಂಕಾರವೂ ಬಲವೂ ಏಕಕಾಲದಲ್ಲಿ ಸಿದ್ಧಿಸುತ್ತವೆ.

ತಾಂಡಾಗಳಿಂದ ಕ್ಯಾಂಪುಗಳವರೆಗೆ

ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲೂಕುಗಳಲ್ಲಿ ಲಂಬಾಣಿ ಜನರ ವಸತಿಗಳಾದ ತಾಂಡಾಗಳು ಹಲವು ಇವೆ. ಒಂದು ಕಾಲದಲ್ಲಿ ಎತ್ತುಗಳ ಬೆನ್ನಿಗೆ ಧಾನ್ಯದ, ಉಪ್ಪಿನ ಹೇರುಗಳನ್ನು ಹೊರಿಸಿ ದಖ್ಖಣದ ಉದ್ದಗಲಕ್ಕೂ ಸಂಚರಿಸಿ, ಸೈನ್ಯಗಳಿಗೆ ಆಹಾರವನ್ನು ಒದಗಿಸುತ್ತಿದ್ದ ಈ ಜನರಿಗೆ ಚೀಲವೆಂಬುದು ಜೀವನೋಪಾಯದ ಸಾಧನವೇ ಆಗಿತ್ತು. ರೈಲೂ ರಸ್ತೆಯೂ ಬಂದು ಆ ವ್ಯಾಪಾರವು ನಿಂತುಹೋದರೂ ಹೊಲಿಗೆಯ ವಿದ್ಯೆ ಹೆಂಗಸರ ಕೈಯಲ್ಲಿ ಉಳಿಯಿತು. ಕನ್ನಡಿ, ಕವಡೆ, ಬಣ್ಣದ ದಾರಗಳಿಂದ ತುಂಬಿದ ಕಾಂಚಳಿ (ರವಿಕೆ), ಫೇಟಿಯಾ (ಲಂಗ)ಗಳನ್ನು ನಾವು ಜಾತ್ರೆಯಲ್ಲಿ ಕಂಡು ಮೆಚ್ಚುತ್ತೇವೆ. ಆದರೆ ಆ ಕಸೂತಿಗೆ ತನ್ನದೇ ಆದ ಶಾಸ್ತ್ರವುಂಟೆಂಬುದನ್ನು ಅರಿಯೆವು. ತುಂಗಭದ್ರೆಯ ಆಚೆಯ ಸಂಡೂರಿನಲ್ಲಿ ದಾಖಲಾಗಿರುವ ಲಂಬಾಣಿ ಹೊಲಿಗೆಯ ಬಗೆಗಳು ಹದಿನಾಲ್ಕು: ಕಿಲನ್, ವೇಲೆ, ಬಕ್ಯಾ, ಮಕಿ, ಸೂರ್ಯಕಾಂತಿ ಮಕಿ, ತೇರಾ ದೋರಾ, ರೇಲೋ, ಜೋಲ್ಯಾ, ನಕ್ರಾ ಮುಂತಾಗಿ ಸಾಗುವ ಆ ಪಟ್ಟಿಯಲ್ಲಿ ಕೌದಿಯೆಂಬ ಹೆಸರೂ ಸೇರಿದೆ. ಊರಿನ ಹೆಂಗಸಿನ ಸೂಜಿಗೂ ತಾಂಡಾದ ಹೆಂಗಸಿನ ಸೂಜಿಗೂ ಬಾಂಧವ್ಯ ಮೊದಲಿನಿಂದಲೂ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಿಂಧನೂರಿನಲ್ಲಿ ಮೂರನೆಯ ಧಾರೆಯೊಂದೂ ಬಂದು ಸೇರಿದೆ. ಪೂರ್ವ ಪಾಕಿಸ್ತಾನವೆಂದು ಆಗ ಕರೆಯಲ್ಪಡುತ್ತಿದ್ದ ನಾಡಿನಿಂದ ನಿರಾಶ್ರಿತರಾಗಿ ಬಂದ ಬಂಗಾಲಿ ಕುಟುಂಬಗಳು ಈ ತಾಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲಸಿ, ಇಲ್ಲಿಯೇ ಗದ್ದೆ ಮಾಡಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ, ಈಗ ತಲೆಮಾರುಗಳೇ ಕಳೆದಿವೆ. ಅವರ ತವರುನಾಡಾದ ಬಂಗಾಳದ ಕಾಂಥಾ ಎಂಬ ಕಲೆಯು ಕೌದಿಯ ಸೋದರಿ. ಅಲ್ಲಿಯೂ ಸವೆದ ಸೀರೆಗಳ ಪದರಗಳನ್ನು ಓಟಹೊಲಿಗೆಯಿಂದ ಬಂಧಿಸಿ ಹೊದಿಕೆಯನ್ನು ಮಾಡುವುದು ರೂಢಿ. ಹೀಗೆ ಕನ್ನಡದ ಕೌದಿ, ತಾಂಡಾದ ಕಸೂತಿ, ಬಂಗಾಳದ ಕಾಂಥಾ ಎಂಬ ಮೂರು ಪರಂಪರೆಗಳಿಗೆ ಸೇರಿದ ಜನ ಒಂದು ದಿನದ ಪ್ರಯಾಣದೊಳಗೆ ಬಾಳುತ್ತಿರುವ ಸೀಮೆ ಅಪೂರ್ವವಾದುದು. ಇವರನ್ನು ಒಂದೇ ಹಾಸಿನ ಮೇಲೆ ಕೂಡಿಸಿ ಕೆಲಸಕ್ಕೆ ತೊಡಗಿಸುವುದು ಯಾವುದೇ ವಿನ್ಯಾಸಕಾರನಿಗೆ ಭಾಗ್ಯವೆನ್ನಿಸಬೇಕು.

ಚೀಲದ ಅಂಗರಚನೆ

ಇನ್ನು ಚೀಲದ ರಚನೆಯ ವಿಚಾರ. ಪಟ್ಟಣದಲ್ಲಿ ಕುಳಿತು ಚಿತ್ರ ಬರೆದು ಹಳ್ಳಿಗೆ ಕಳುಹಿಸಿ, ಇದರಂತೆಯೇ ಮಾಡಿಕೊಡಿರೆಂದು ಆಜ್ಞಾಪಿಸುವ ಪದ್ಧತಿಯಿಂದ ಒಳ್ಳೆಯ ಚೀಲ ಹುಟ್ಟದು. ಮೊದಲು ಈ ಸೀಮೆಯಲ್ಲಿಯೇ ಇದ್ದ ಚೀಲಗಳನ್ನು ಎದುರಿಗೆ ಇಟ್ಟುಕೊಳ್ಳಬೇಕು. ಎಲೆ, ಅಡಿಕೆ, ಸುಣ್ಣ, ಚಿಲ್ಲರೆ ಕಾಸು ಇವಕ್ಕೆ ಒಂದೊಂದು ಬೇರೆ ಅರೆಯಿದ್ದು, ಮಡಿಸಿದರೆ ಅಂಗೈಯಷ್ಟಾಗುವ ಮುದುಕಿಯರ ಚಂಚಿ, ಹೆಗಲ ಮೇಲೆ ಮುಂದಕ್ಕೂ ಹಿಂದಕ್ಕೂ ಸಮಭಾರವಾಗಿ ತೂಗುವ ಹಸಿಬೆ ಚೀಲ, ಜಂಗಮರ ಜೋಳಿಗೆ, ಇವೆಲ್ಲ ಶತಮಾನಗಳ ಬಳಕೆಯಿಂದ ತಿದ್ದಿಕೊಂಡ ವಿನ್ಯಾಸಗಳು. ಜೋಳಿಗೆಗೆ ಈ ನಾಡಿನಲ್ಲಿ ನೈತಿಕವಾದ ಅರ್ಥವೂ ಉಂಟು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿರೆಂದು ಭಿಕ್ಷೆ ಬೇಡಿದುದನ್ನೂ, ಅವರು ಜನಿಸಿದ ಆಗಸ್ಟ್ 1ನೆಯ ದಿನವನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದನ್ನೂ ಇಲ್ಲಿಯ ಜನ ಬಲ್ಲರು.

ಈ ಪೂರ್ವಜರಿಂದ ಪಾಠ ಕಲಿತು ರೂಪಿಸುವ ಚೀಲವು ಅಗಲದಲ್ಲಿ ಹದಿನೈದು ಅಂಗುಲ, ಎತ್ತರದಲ್ಲಿ ಹದಿನಾರು ಅಂಗುಲ, ತಳದಲ್ಲಿ ನಾಲ್ಕು ಅಂಗುಲ ಇದ್ದರೆ, ಒಂದು ಸಂಸಾರದ ವಾರದ ಕಾಯಿಪಲ್ಲೆಗೂ ವಿದ್ಯಾರ್ಥಿಯ ಪುಸ್ತಕಗಳಿಗೂ ಸಾಲುತ್ತದೆ. ಅದರ ಮೈ ಕೌದಿಯ ರೀತಿಯಲ್ಲಿ ಮೂರು ಪದರಗಳದ್ದಾಗಿರಲಿ: ಒಳಗೆ ಮೆತ್ತನೆಯ ಧೋತರ, ನಡುವೆ ಹಳೆಯ ಸೀರೆ, ಹೊರಗೆ ಆಯ್ದ ಚೂರುಗಳ ಜೋಡಣೆ. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿಗಿಂತ ಹೆಚ್ಚು ಅಂತರ ಬೇಡ. ಹೊಲಿಯುವ ಮೊದಲೇ ಎಲ್ಲ ಬಟ್ಟೆಯನ್ನೂ ಒಗೆದು ಬಿಸಿಲಿಗೆ ಹಾಕಿ, ಒದ್ದೆಯ ಬಿಳಿಯ ಅರಿವೆಯಿಂದ ಉಜ್ಜಿ, ಬಣ್ಣ ಬಿಡುವುದನ್ನು ಬೇರ್ಪಡಿಸಬೇಕು. ಇಲ್ಲವಾದರೆ ಮೊದಲ ಮಳೆಗೇ ಚೀಲವೂ ಅಂಗಿಯೂ ಒಟ್ಟಿಗೆ ಕೆಡುತ್ತವೆ.

ಚೀಲಗಳು ಹರಿಯುವುದು ಪ್ರಾಯಶಃ ಹಿಡಿಕೆಯ ಬುಡದಲ್ಲಿ. ಬಾಯಿಯ ಅಂಚಿಗೆ ಎರಡು ತುಂಡು ಪಟ್ಟಿಯನ್ನು ಹಚ್ಚಿ ಕೈಬಿಡುವ ಅಗ್ಗದ ಕ್ರಮವೇ ಅದಕ್ಕೆ ಕಾರಣ. ಇದಕ್ಕೆ ಪ್ರತಿಯಾಗಿ, ಹಿಡಿಕೆಯ ಪಟ್ಟಿಯು ಒಂದು ಪಕ್ಕದಲ್ಲಿ ಇಳಿದು, ತಳದ ಅಡಿಯಿಂದ ಹಾದು, ಇನ್ನೊಂದು ಪಕ್ಕದಲ್ಲಿ ಏರಿ, ತನ್ನ ತುದಿಯನ್ನೇ ಸೇರುವ ಅಖಂಡವಾದ ಬಂಧವಾಗಿದ್ದರೆ, ಹೊರೆಯನ್ನು ಹೊರುವುದು ಹೊಲಿಗೆಯಲ್ಲ, ಪಟ್ಟಿಯೇ ಆಗುತ್ತದೆ. ಹೊಲಿಗೆಗೆ ಉಳಿಯುವ ಕೆಲಸ ಪಟ್ಟಿಯನ್ನು ಸ್ಥಾನದಲ್ಲಿ ಹಿಡಿದಿರುವುದು ಮಾತ್ರ. ತಳದ ನಾಲ್ಕು ಮೂಲೆಗಳಿಗೆ ಇಮ್ಮಡಿ ಬಟ್ಟೆಯ ತ್ರಿಕೋನಗಳು, ಒಳಮೈಗೆ ಚಂಚಿಯ ಮಾದರಿಯ ಮೂರು ಅರೆಗಳು ಇರಲಿ. ಬಾಯಿ ಮುಚ್ಚಲು, ಕೆಟ್ಟರೆ ಸರಿಪಡಿಸುವುದು ಕಷ್ಟವಾದ ಜಿಪ್ಪಿನ ಬದಲು, ತಾಂಡಾದ ಕವಡೆಯೊಂದು ಮತ್ತು ದಾರದ ಕುಣಿಕೆಯೊಂದು ಸಾಕು. ಕನ್ನಡಿಯ ಕೆಲಸ ಮೇಲುಮುಚ್ಚಳದ ಮೇಲೆ ಮಾತ್ರವಿರಲಿ. ಮೈಗೆ ತಾಗುವ ಕಡೆಯಲ್ಲಿ ಕನ್ನಡಿಯನ್ನಿಟ್ಟರೆ ಉಡುಪೂ ಹರಿಯುತ್ತದೆ, ಕನ್ನಡಿಯೂ ಉದುರುತ್ತದೆ. ಕಡೆಯದಾಗಿ, ಅದೇ ಬಟ್ಟೆಯ ಎರಡು ಚೂರುಗಳನ್ನೂ ಒಂದಿಷ್ಟು ದಾರವನ್ನೂ ಒಳ ಅರೆಯಲ್ಲಿ ಇಟ್ಟುಕೊಡಬೇಕು. ಮುಂದೊಂದು ದಿನ ಸವೆಯುವೆನೆಂಬುದನ್ನು ಒಪ್ಪಿಕೊಂಡು ಅದಕ್ಕೆ ಬೇಕಾದ ಮದ್ದನ್ನು ತನ್ನೊಡನೆಯೇ ಒಯ್ಯುವ ಚೀಲ ಬಹುಕಾಲ ಬಾಳುತ್ತದೆ.

ಇಷ್ಟನ್ನು ನಿಶ್ಚಯಿಸಿದ ಮೇಲೆ ವಿನ್ಯಾಸಕಾರನು ಹಿಂದೆ ಸರಿಯಬೇಕು. ಅಳತೆ, ಪಟ್ಟಿ, ಮೂಲೆ, ಇವು ನಿಯತವಾಗಿರಲಿ. ಬಣ್ಣಗಳ ಹೊಂದಾಣಿಕೆ, ಚೂರುಗಳ ಜೋಡಣೆ, ಹೊಲಿಗೆಯ ಬಗೆ, ಇವು ಹೊಲಿಯುವವಳ ಸ್ವಾತಂತ್ರ್ಯಕ್ಕೆ ಬಿಟ್ಟವು. ನೂರು ಚೀಲಗಳೂ ಒಂದೇ ತೆರನಾಗಿರಬೇಕೆಂಬ ಅಪೇಕ್ಷೆ ಯಂತ್ರದಿಂದ ಬಂದುದು. ಹಳೆಯ ಬಟ್ಟೆಯಿಂದ ಹೊಲಿದ ಎರಡು ಚೀಲಗಳು ಒಂದೇ ಆಗಿರುವುದು ಅಸಾಧ್ಯ, ಅನಾವಶ್ಯಕ. ಅವಳ ಕಣ್ಣಿಗೆ ಅನುಭವದಿಂದ ಬಂದ ವರ್ಣವಿವೇಕವು ಶಾಲೆಯಲ್ಲಿ ಕಲಿತ ವರ್ಣಶಾಸ್ತ್ರಕ್ಕಿಂತ ಕಡಮೆಯದೆಂದು ತಿಳಿಯುವುದು ಅವಿವೇಕ.

ಕೈಗೆ ಸಲ್ಲಬೇಕಾದ ಬೆಲೆ

ಬಟ್ಟೆ ಹಳೆಯದೆಂದು ಶ್ರಮವೂ ಅಗ್ಗವಾಗಬೇಕೆಂದು ಭಾವಿಸುವುದು ಈ ಉದ್ಯಮದಲ್ಲಿ ಅತ್ಯಂತ ಸುಲಭವಾಗಿ ನಡೆಯುವ ಅನ್ಯಾಯ. ವಾಸ್ತವದಲ್ಲಿ ಇಂತಹ ಚೀಲದ ಬೆಲೆಯ ಬಹುಭಾಗವು ಕೈಯ ಬೆಲೆಯೇ. ಹೊಲಿಯುವವಳು ಎಷ್ಟು ತಾಸು ಹೊಲಿದಳೋ ಅಷ್ಟಕ್ಕೆ ಕನಿಷ್ಠ ಕೂಲಿಗಿಂತ ಕಡಮೆಯಾಗದಂತೆ ಲೆಕ್ಕ ಹಾಕಬೇಕು. ಮಾದರಿಯ ಚೀಲವನ್ನು ಹೊಲಿದು ಬಿಚ್ಚಿ ಮತ್ತೆ ಹೊಲಿದ ಸಮಯಕ್ಕೂ ಕೂಲಿ ಸಲ್ಲಬೇಕು. ದಾರ, ಸೂಜಿಯಂತೆಯೇ ಕನ್ನಡಕವೂ ವೆಚ್ಚದ ಬಾಬಿನಲ್ಲಿ ಸೇರಬೇಕು, ಏಕೆಂದರೆ ನಾಲ್ವತ್ತು ದಾಟಿದ ಕಸೂತಿಗಾರ್ತಿಯ ಮೊದಲ ಶತ್ರು ಮಬ್ಬಾಗುವ ದೃಷ್ಟಿಯೇ. ನಾಟಿಯ ಕಾಲದಲ್ಲಿಯೂ ಹತ್ತಿ ಬಿಡಿಸುವ ಕಾಲದಲ್ಲಿಯೂ ಹೆಚ್ಚಿನ ಕೆಲಸವನ್ನು ಒತ್ತಾಯಿಸದೆ, ಹೊಲದ ಕೆಲಸವಿಲ್ಲದೆ ಜನ ಬೆಂಗಳೂರಿಗೂ ಮಹಾರಾಷ್ಟ್ರ ಗೋವೆಗಳಿಗೂ ಗುಳೆ ಹೋಗುವ ಬೇಸಗೆಯ ತಿಂಗಳುಗಳಿಗೆ ಬೇಡಿಕೆಯನ್ನು ಮುಂಗಡ ಹಣದೊಡನೆ ತಂದುಕೊಟ್ಟರೆ, ಒಂದು ಚೀಲವು ಒಂದು ಸಂಸಾರವನ್ನು ಊರಿನಲ್ಲಿ ಉಳಿಸಿದಂತಾಗುತ್ತದೆ.

ಇದು ಕೇವಲ ಆಶಯವಲ್ಲವೆಂಬುದಕ್ಕೆ ಸಂಡೂರೇ ನಿದರ್ಶನ. ಅಲ್ಲಿಯ ಕುಶಲಕಲಾ ಕೇಂದ್ರವು ತಾಂಡಾಗಳ ಹೆಂಗಸರ ಕಸೂತಿಯನ್ನು ಪೋಷಿಸಿ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯುವ ಮಟ್ಟಕ್ಕೆ ತಂದಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನೆರೆದಾಗ, ನಾನೂರ ಐವತ್ತಕ್ಕೂ ಮಿಕ್ಕ ಲಂಬಾಣಿ ಹೆಂಗಸರು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ದಾಖಲೆ ಒಂದು ದಿನದ ಸಂಭ್ರಮ. ಅದಕ್ಕೂ ಹಿಂದೆ ದಶಕಗಳ ಕಾಲ ಸಂಘಟಿತವಾಗಿ ನಡೆದ ಕೆಲಸ, ನಿಯತವಾದ ಕೂಲಿ, ಗುಣದ ಪರೀಕ್ಷೆ, ಮಾರುಕಟ್ಟೆಯ ಸಂಪರ್ಕ, ಇವೇ ಅದರ ನಿಜವಾದ ಬೆಲೆ. ಮೂರು ತಾಲೂಕುಗಳಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಒಕ್ಕೂಟಗಳಿವೆ. 2009ರಿಂದ ರಾಜ್ಯದಲ್ಲಿ ತಾಂಡಾ ಅಭಿವೃದ್ಧಿ ನಿಗಮವೂ ಇದೆ. ಇವುಗಳ ಮೂಲಕ ಅಂತಹ ಸಂಘಟನೆ ಇಲ್ಲಿಯೂ ಸಾಧ್ಯ.

ಲಕ್ಕಮ್ಮನ ನೆಲದಲ್ಲಿ

ಲಿಂಗಸುಗೂರು ತಾಲೂಕಿನ ಗುರುಗುಂಟದ ಸಮೀಪದ ಅಮರೇಶ್ವರವು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳ ಊರು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಅಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಬಿದ್ದುದನ್ನು ವ್ಯರ್ಥಗೊಳಿಸದಿರುವುದು, ಬೇಕಾದುದಕ್ಕಿಂತ ಹೆಚ್ಚನ್ನು ತರದಿರುವುದು, ದುಡಿದ ಕೈಯ ಗೌರವವನ್ನು ಕಾಯುವುದು: ಸುಸ್ಥಿರತೆಯೆಂಬ ಹೊಸ ಹೆಸರಿನಿಂದ ಇಂದು ಜಗತ್ತು ಅರಸುತ್ತಿರುವ ಧರ್ಮವೆಲ್ಲವೂ ಈ ಮೂರರಲ್ಲಿ ಅಡಕವಾಗಿದೆ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ನೂರಾರು ಹೊಸ ಚೀಲಗಳನ್ನು ಮುದ್ರಿಸಿ ಹಂಚಬೇಡಿರಿ. ಟ್ರಂಕಿನಲ್ಲಿ ಕೊಳೆಯುತ್ತಿರುವ ಆಯೇರಿಯ ಖಣಗಳನ್ನೂ ಹಳೆಯ ಸೀರೆಗಳನ್ನೂ ಹೊರತೆಗೆದು, ನಿಮ್ಮ ಊರಿನಲ್ಲಿ ಕೌದಿ ಹೊಲಿಯುವವಳ ಬಳಿಗೆ, ಸಮೀಪದ ತಾಂಡಾದ ಕಸೂತಿಗಾರ್ತಿಯ ಬಳಿಗೆ ಕೊಂಡೊಯ್ಯಿರಿ. ಒಂದೇ ಚೀಲ ಹೊಲಿಸಿರಿ. ಅವಳು ಹೇಳಿದ ನ್ಯಾಯವಾದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿರಿ. ಹರಿದಾಗ ಎಸೆಯದೆ ಮತ್ತೆ ಅವಳಲ್ಲಿಗೇ ಹೋಗಿ ತೇಪೆ ಹಾಕಿಸಿರಿ.